ಬೀಗ ಬಿಡಿಸುವ ಹವ್ಯಾಸ: ಎಲ್ಲಿ ಸಿಕ್ಕಿಕೊಳ್ಳುತ್ತೇವೆ, ಹೇಗೆ ಬಿಡಿಸಿಕೊಳ್ಳುವುದು?



ತಲೆಬರಹ ನೋಡಿ, "ಇದೇನಪ್ಪಾ, ಕೂಟದ ಪುಟದಲ್ಲಿ ಕಳ್ಳತನದ ಪಾಠ ಶುರುವಾಯಿತೇ?" ಎಂದು ಹುಬ್ಬೇರಿಸಬೇಡಿ. ಬೀಗದ ಕೈ ಇಲ್ಲದೆ ಬೀಗ ತೆಗೆಯುವ ಲಾಕ್ ಪಿಕಿಂಗ್, ಪದಬಂಧ, ಚದುರಂಗ, ರೂಬಿಕ್ಸ್ ಕ್ಯೂಬ್‌ಗಳ ಸಾಲಿಗೆ ಸೇರಿದ ಹವ್ಯಾಸ. ಜರ್ಮನಿಯಲ್ಲಿ 1997ರಲ್ಲೇ ಇದನ್ನು ಆಟವೆಂದು ಆಡುವವರ ಸಂಘ ಹುಟ್ಟಿಕೊಂಡಿತು. ಇಲ್ಲಿ ಅಮೆರಿಕದಲ್ಲಿ, ಲಾಸ್ ವೇಗಸ್‌ನ ಡೆಫ್‌ಕಾನ್ ಸಮ್ಮೇಳನದಲ್ಲಿ ಬೀಗ ಬಿಡಿಸುವವರಿಗೆಂದೇ ಪ್ರತ್ಯೇಕ ಜಾಗ ಇರುತ್ತದೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1940ರ ದಶಕದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಕೆಲಸದ ನಡುವೆ ಸಹೋದ್ಯೋಗಿಗಳ ಕಡತದ ಕಪಾಟುಗಳ ಬೀಗ ತೆಗೆದು ಅವರನ್ನು ಬೆಚ್ಚಿಬೀಳಿಸುತ್ತಿದ್ದರಂತೆ!

ಯೂಟ್ಯೂಬ್‌ನಲ್ಲಿ ಲಾಕ್‌ಪಿಕಿಂಗ್ ಲಾಯರ್‌ನಂಥ ಚಾನೆಲ್ ನೋಡಿ ನಮ್ಮವರೂ ಹಲವರು ಒಂದು ಕಿಟ್ ತರಿಸಿಕೊಂಡಿದ್ದಾರೆ. ಅಲ್ಲಿ ಅರ್ಧ ನಿಮಿಷದಲ್ಲಿ ತೆರೆಯುವ ಬೀಗ ನಮ್ಮ ಕೈಯಲ್ಲಿ ಅರ್ಧ ದಿನವಾದರೂ ಜಪ್ಪಯ್ಯ ಅನ್ನುವುದಿಲ್ಲ. ಎರಡನೇ ವಾರದ ಹೊತ್ತಿಗೆ ಕಿಟ್ ಅಡುಗೆಮನೆಯ ಡ್ರಾಯರ್ ಸೇರುತ್ತದೆ. ಈ ಲೇಖನ ಆ ಎರಡನೇ ವಾರದಲ್ಲಿ ಇರುವವರಿಗಾಗಿ. ನಾನು ಹೇಳಬೇಕೆಂದಿರುವುದು ಇಷ್ಟೇ: ತೆರೆಯದ ಬೀಗ ಸುಮ್ಮನೆ ಕೂತಿರುವುದಿಲ್ಲ, ಯಾಕೆ ತೆರೆಯುತ್ತಿಲ್ಲ ಎಂದು ನಮ್ಮ ಬೆರಳಿಗೆ ಹೇಳುತ್ತಲೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳಲು ಕಲಿತರೆ ಅರ್ಧ ಕೆಲಸ ಆದ ಹಾಗೆ.

(ಉತ್ತರ ಕರ್ನಾಟಕದ ಬಂಧುಗಳಿಗೆ ಒಂದು ಮಾತು. ನಿಮ್ಮ ಕಡೆ ಬೀಗಕ್ಕೇ ಕೀಲಿ ಎನ್ನುತ್ತೀರಿ. ಗೊಂದಲ ಬೇಡವೆಂದು ಇಲ್ಲಿ ಬೀಗ, ಬೀಗದ ಕೈ ಎಂದೇ ಬರೆಯುತ್ತೇನೆ.)

ಮೊದಲು ಎರಡು ನಿಯಮ

ಈ ಹವ್ಯಾಸದವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಪ್ಪಿಕೊಂಡಿರುವ ನಿಯಮಗಳು ಎರಡು. ಒಂದು, ನಿಮ್ಮದಲ್ಲದ ಬೀಗವನ್ನು ಅದರ ಒಡೆಯರು ಸ್ಪಷ್ಟವಾಗಿ ಒಪ್ಪಿಗೆ ಕೊಡದ ಹೊರತು ಮುಟ್ಟಬಾರದು. ಎರಡು, ದಿನನಿತ್ಯ ಬಳಕೆಯಲ್ಲಿರುವ ಬೀಗದ ಮೇಲೆ, ಅದು ನಿಮ್ಮದೇ ಆಗಿದ್ದರೂ, ಅಭ್ಯಾಸ ಮಾಡಬಾರದು.

ಎರಡನೆಯದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೀಗದೊಳಗಿನ ಪಿನ್ನುಗಳು ಹಿತ್ತಾಳೆಯವು, ಸ್ಪ್ರಿಂಗುಗಳು ಕೂದಲೆಳೆಯಷ್ಟು ತೆಳು. ಪಿಕ್ ಮುರಿದು ಒಳಗೇ ಉಳಿದರೆ ಜನವರಿಯ ಚಳಿಯಲ್ಲಿ ಮನೆಯ ಹೊರಗೆ ನಿಂತು ಬೀಗದವನಿಗೆ ಫೋನ್ ಮಾಡಬೇಕಾಗುತ್ತದೆ. ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿರುವವರಿಗಂತೂ ಬಾಗಿಲಿನ ಬೀಗ ತಮ್ಮದೇ ಅಲ್ಲ, ಮನೆಯ ಮಾಲೀಕರದ್ದು. ಆದ್ದರಿಂದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸಾಧಾರಣ ಪ್ಯಾಡ್‌ಲಾಕ್ ಕೊಂಡು ಅದನ್ನು ಅಭ್ಯಾಸಕ್ಕೆಂದೇ ಇಟ್ಟುಕೊಳ್ಳಿ.

ಬೀಗದ ಹೊಟ್ಟೆಯೊಳಗೆ ಏನಿದೆ?

ದೋಷ ಹುಡುಕುವ ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿರಬೇಕು. ಇಲ್ಲಿನ ಮನೆಬಾಗಿಲುಗಳಲ್ಲಿ, ಸಾಧಾರಣ ಪ್ಯಾಡ್‌ಲಾಕ್‌ಗಳಲ್ಲಿ ಹೆಚ್ಚಾಗಿ ಇರುವುದು ಪಿನ್ ಟಂಬ್ಲರ್ ಬೀಗ. ಇದರ ಮೂಲ ತತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಇತ್ತು. ಇಂದಿನ ಪುಟ್ಟ ಲೋಹದ ರೂಪ ಕೊಟ್ಟವರು ಅಮೆರಿಕದ ಲೈನಸ್ ಯೇಲ್ ಜೂನಿಯರ್. ಅವರ ಪೇಟೆಂಟುಗಳು 1861 ಮತ್ತು 1865ರವು.

ಬೀಗದ ಕೈ ಹೋಗುವ, ತಿರುಗುವ ಉರುಳೆಗೆ ಪ್ಲಗ್ ಎನ್ನುತ್ತಾರೆ. ಅದರ ಸುತ್ತ ತಿರುಗದೆ ನಿಂತಿರುವ ಕವಚ. ಎರಡಕ್ಕೂ ಸೇರಿ ಮೇಲಿನಿಂದ ಕೊರೆದ ನಾಲ್ಕೋ ಐದೋ ಆರೋ ರಂಧ್ರಗಳು. ಪ್ರತಿ ರಂಧ್ರದಲ್ಲೂ ಕೆಳಗೊಂದು ಪಿನ್, ಅದರ ಮೇಲೊಂದು ಪಿನ್, ಎರಡನ್ನೂ ಕೆಳಕ್ಕೆ ಒತ್ತುವ ಸ್ಪ್ರಿಂಗ್. ಬೀಗ ಹಾಕಿರುವಾಗ ಮೇಲಿನ ಪಿನ್ನುಗಳು ಅರ್ಧ ಕವಚದಲ್ಲಿ, ಅರ್ಧ ಪ್ಲಗ್‌ನಲ್ಲಿ ಇದ್ದು ಅಗುಳಿಯ ಹಾಗೆ ಅಡ್ಡ ಬಿದ್ದಿರುತ್ತವೆ. ಸರಿಯಾದ ಬೀಗದ ಕೈ ಹಾಕಿದಾಗ ಅದರ ಹಲ್ಲುಗಳು ಪ್ರತಿ ಜೋಡಿಯನ್ನೂ ಎಷ್ಟು ಬೇಕೋ ಅಷ್ಟೇ ಎತ್ತುತ್ತವೆ. ಎರಡು ಪಿನ್ನುಗಳ ನಡುವಿನ ಸಂದು, ಪ್ಲಗ್ ಮತ್ತು ಕವಚದ ನಡುವಿನ ಗಡಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಈ ಗಡಿಗೆ ಷಿಯರ್ ಲೈನ್ ಎಂದು ಹೆಸರು. ನಾವು ಗಡಿ ಎಂದೇ ಕರೆಯೋಣ. ಎಲ್ಲ ಜೋಡಿಗಳೂ ಗಡಿಯಲ್ಲಿ ಬೇರ್ಪಟ್ಟರೆ ಪ್ಲಗ್ ತಿರುಗುತ್ತದೆ, ಬೀಗ ತೆರೆಯುತ್ತದೆ.

ಬೀಗ ತಯಾರಿಸುವಾಗ ಆ ರಂಧ್ರಗಳು ಕೂದಲೆಳೆಯಷ್ಟೂ ಆಚೀಚೆ ಆಗದೆ ಒಂದೇ ಗೆರೆಯಲ್ಲಿ ಇರುವಂತೆ ಕೊರೆಯಲು ಸಾಧ್ಯವಿಲ್ಲ. ಹಾಗಾಗಿ ಪ್ಲಗ್ಗನ್ನು ಮೆಲ್ಲನೆ ತಿರುಗಿಸಲು ನೋಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿಯುವುದಿಲ್ಲ, ಸಾಮಾನ್ಯವಾಗಿ ಒಂದೇ ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಗಡಿಯವರೆಗೆ ಎತ್ತಿದರೆ ಸಣ್ಣ ಕ್ಲಿಕ್, ಪ್ಲಗ್ ಒಂದೆಳೆಯಷ್ಟು ತಿರುಗುತ್ತದೆ, ಆಗ ಮುಂದಿನ ಪಿನ್ ಬಿಗಿಯುತ್ತದೆ. ಹೀಗೆ ಒಂದೊಂದಾಗಿ. ಲಾಕ್ ಪಿಕಿಂಗ್‌ನ ಗುಟ್ಟೆಲ್ಲ ಇಷ್ಟೇ!

ಬೇಕಾದ ಸಲಕರಣೆ ಎರಡು. ಪ್ಲಗ್ ತಿರುಗಿಸಲು ಟೆನ್ಷನ್ ರೆಂಚ್ ಎಂಬ ಮಡಚಿದ ಪಟ್ಟಿ, ಪಿನ್ ಎತ್ತಲು ಪಿಕ್ ಎಂಬ ಕಡ್ಡಿ. ಪಿಕ್‌ಗಳಲ್ಲಿ ತುದಿ ಸ್ವಲ್ಪ ಬಾಗಿರುವುದು ಹುಕ್, ಅಲೆಅಲೆಯಾಗಿರುವುದು ರೇಕ್. ಕಿಟ್‌ನಲ್ಲಿ ಇಪ್ಪತ್ತು ತುಂಡು ಇದ್ದರೂ ಕಲಿಯಲು ಒಂದು ಹುಕ್, ಎರಡು ರೆಂಚ್ ಸಾಕು.

ಬೆರಳಿಗೆ ಸಿಗುವ ನಾಲ್ಕು ಉತ್ತರಗಳು

ಪ್ರೋಗ್ರಾಂ ಕೆಟ್ಟಾಗ ನಾವು ಸಾಫ್ಟ್‌ವೇರಿನವರು ಮೊದಲು ನೋಡುವುದು ಲಾಗ್ ಫೈಲ್. ಬೀಗದ ಲಾಗ್ ಫೈಲ್ ನಿಮ್ಮ ಬೆರಳ ತುದಿಯಲ್ಲಿದೆ. ರೆಂಚ್ ಮೇಲೆ ಹಗುರ ಒತ್ತಡ ಇಟ್ಟುಕೊಂಡು ಪ್ರತಿ ಪಿನ್ನನ್ನೂ ಮೆತ್ತಗೆ ಮುಟ್ಟಿ ನೋಡಿ. ಅದು ನಾಲ್ಕರಲ್ಲಿ ಒಂದು ಉತ್ತರ ಕೊಡುತ್ತದೆ.

ಸ್ಪ್ರಿಂಗಿನಂತೆ ಪುಟಿದರೆ, ಅದರ ಸರದಿ ಇನ್ನೂ ಬಂದಿಲ್ಲ, ಬಿಟ್ಟು ಮುಂದೆ ಹೋಗಿ. ಗಟ್ಟಿಯಾಗಿ ಎದುರು ನಿಂತರೆ, ಈಗ ಬಿಗಿದಿರುವುದು ಅದೇ, ನಿಧಾನ ಎತ್ತಿ. ಸ್ಪ್ರಿಂಗಿನ ಒತ್ತಡವೇ ಇಲ್ಲದೆ ಸಡಿಲವಾಗಿ ಅಲ್ಲಾಡಿದರೆ, ಅದು ಆಗಲೇ ಗಡಿ ಸೇರಿ ಕೂತಿದೆ, ಮತ್ತೆ ಮುಟ್ಟಬೇಡಿ. ಅಲ್ಲಾಡದೆ, ಪುಟಿಯದೆ, ಮೇಲೂ ಹೋಗದೆ ಕಲ್ಲಿನಂತೆ ನಿಂತಿದ್ದರೆ, ಅದನ್ನು ಗಡಿ ದಾಟಿಸಿ ಮೇಲಕ್ಕೆ ತಳ್ಳಿಬಿಟ್ಟಿರುವ ಸಾಧ್ಯತೆ ಇದೆ.

ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ನಾಲ್ಕು ಉತ್ತರಗಳನ್ನು ಗೊಂದಲ ಮಾಡಿಕೊಳ್ಳುವುದರಿಂದಲೇ ಬರುತ್ತವೆ.

ತೊಂದರೆ 1: ಎಲ್ಲ ಪಿನ್ನುಗಳೂ ಗಟ್ಟಿಯಾಗಿವೆ

ಹೊಸಬರಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದು. ಕಾರಣ ರೆಂಚ್ ಮೇಲೆ ಅತಿಯಾದ ಒತ್ತಡ. ಬಲವಾಗಿ ತಿರುಗಿಸಿದರೆ ಒಂದರ ಬದಲು ಮೂರು ನಾಲ್ಕು ಪಿನ್ನುಗಳು ಒಟ್ಟಿಗೆ ಬಿಗಿಯುತ್ತವೆ, ಯಾವುದು ಮೊದಲು ಎಂಬ ಸುದ್ದಿಯೇ ಸಿಗುವುದಿಲ್ಲ. ಪಿಕ್ ಬಾಗುತ್ತದೆ, ಹೆಬ್ಬೆರಳು ನೋಯುತ್ತದೆ. ಬೀಗ ಮತ್ತು ಬೀಗರು, ಇಬ್ಬರನ್ನೂ ಒತ್ತಡ ಹಾಕಿ ಒಲಿಸಿಕೊಂಡವರಿಲ್ಲ!

ಎಷ್ಟು ಒತ್ತಡ ಸರಿ? ಕಂಪ್ಯೂಟರಿನ ಕೀಲಿಮಣೆಯ ಒಂದು ಗುಂಡಿಯನ್ನು, ಅಕ್ಷರ ಮೂಡದ ಹಾಗೆ, ಮೆಲ್ಲನೆ ಮುಟ್ಟಿ ಹಿಡಿಯುವಷ್ಟು ಹಗುರದಿಂದ ಶುರು ಮಾಡಿ. ರೆಂಚನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಒಂದೇ ಬೆರಳ ತುದಿಯಿಂದ, ಅದರ ಕೊನೆಯ ಭಾಗದಲ್ಲಿ ಒತ್ತಿ. ಬೆರಳ ಉಗುರು ಬೆಳ್ಳಗಾಗುತ್ತಿದ್ದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ.

ತೊಂದರೆ 2: ಕೂತ ಪಿನ್ನುಗಳು ಉದುರಿ ಹೋಗುತ್ತವೆ

ಇದು ಮೊದಲನೆಯದರ ತದ್ವಿರುದ್ಧ. ಎರಡು ಪಿನ್ ಕೂತವು, ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಪುಟಿಯುತ್ತಿದೆ. ಒತ್ತಡ ತೀರಾ ಕಡಿಮೆ, ಇಲ್ಲವೇ ಗಮನ ಪಿಕ್ ಕಡೆ ಹೋದಾಗಲೆಲ್ಲ ರೆಂಚಿನ ಬೆರಳು ತನಗೇ ತಿಳಿಯದೆ ಸಡಿಲವಾಗುತ್ತಿದೆ. ಒಂದೇ ಸಮನಾದ ಒತ್ತಡ ಇಡುವುದು ಅಭ್ಯಾಸದಿಂದಲೇ ಬರಬೇಕು. ಮೈಸೂರು ಪಾಕ್ ಮಾಡುವವರನ್ನು ಕೇಳಿ, ಹದ ಎಂದರೇನೆಂದು ಅವರು ಚಮಚದಲ್ಲಿ ಅಳೆದು ಹೇಳಲಾರರು, ಆದರೆ ಕೈಗೆ ಗೊತ್ತಿರುತ್ತದೆ. ಇಲ್ಲೂ ಹಾಗೆಯೇ.

ಒತ್ತಡ ಸರಿಯಿದ್ದೂ ಪಿನ್ ಉದುರುತ್ತಿದ್ದರೆ ರೆಂಚನ್ನೇ ಪರೀಕ್ಷಿಸಿ. ಅದರ ತುದಿ ಕವಚಕ್ಕೆ ಉಜ್ಜುತ್ತಿದ್ದರೆ ನಿಮ್ಮ ಒತ್ತಡ ಪ್ಲಗ್ಗಿಗೆ ತಲುಪುವುದೇ ಇಲ್ಲ. ರಂಧ್ರದಲ್ಲಿ ರೆಂಚ್ ಗಡಗಡ ಅಲ್ಲಾಡಿದರೂ ಕಷ್ಟ, ಸ್ವಲ್ಪ ದಪ್ಪನೆಯದು ಹಾಕಿ ನೋಡಿ.

ತೊಂದರೆ 3: ಗಡಿ ದಾಟಿಹೋದ ಪಿನ್

ಗಡಿಯಲ್ಲಿ ನಿಲ್ಲಿಸಬೇಕಾದ ಪಿನ್ನನ್ನು ಹುರುಪಿನಲ್ಲಿ ಜಾಸ್ತಿ ಎತ್ತಿದರೆ ಕೆಳಗಿನ ಪಿನ್ನೇ ಗಡಿಗೆ ಅಡ್ಡ ನಿಲ್ಲುತ್ತದೆ. ಇಂಗ್ಲಿಷಿನವರು ಓವರ್‌ಸೆಟ್ ಎನ್ನುವುದು ಇದಕ್ಕೇ. ಆಮೇಲೆ ಏನು ಮಾಡಿದರೂ ಬೀಗ ತೆರೆಯುವುದಿಲ್ಲ, ಏಕೆಂದರೆ ಅಡ್ಡವಾಗಿರುವುದನ್ನು ಇನ್ನಷ್ಟು ಎತ್ತಿ ಉಪಯೋಗವಿಲ್ಲ, ಕೆಳಗೆ ಎಳೆಯಲು ಪಿಕ್‌ಗೆ ಆಗುವುದಿಲ್ಲ.

ಪರಿಹಾರ ಸುಲಭ. ರೆಂಚನ್ನು ಒಮ್ಮೆಲೇ ಬಿಡದೆ, ಎಳೆ ಎಳೆಯಾಗಿ ಸಡಿಲಿಸಿ. ಹಲವು ಸಲ ಅತಿಯಾಗಿ ಬಿಗಿದಿರುವ ಆ ಪಿನ್ನೇ ಮೊದಲು ಕ್ಲಿಕ್ ಎಂದು ಕೆಳಗಿಳಿಯುತ್ತದೆ. ಅಲ್ಲಿಗೇ ನಿಲ್ಲಿಸಿ, ಒತ್ತಡವನ್ನು ಮತ್ತೆ ಹಿಂದಿನ ಮಟ್ಟಕ್ಕೆ ತಂದು, ಈ ಸಲ ಕಡಿಮೆ ಎತ್ತಿ. ಎಲ್ಲವೂ ಉದುರಿದರೆ ಉದುರಲಿ, ಮೊದಲಿನಿಂದ ಶುರು ಮಾಡಿ. ಆದರೆ ಉದುರುವಾಗ ಎಷ್ಟು ಕ್ಲಿಕ್ ಕೇಳಿಸಿತು ಎಂದು ಎಣಿಸಿ. ಐದು ಪಿನ್ನಿನ ಬೀಗದಲ್ಲಿ ನಾಲ್ಕು ಕ್ಲಿಕ್ ಬಂದರೆ ನೀವು ಬಾಗಿಲ ಹೊಸ್ತಿಲಲ್ಲೇ ಇದ್ದಿರಿ ಎಂದರ್ಥ.

ತೊಂದರೆ 4: ಮುಟ್ಟುತ್ತಿರುವುದು ಯಾವ ಪಿನ್ ಎಂದೇ ತಿಳಿಯುತ್ತಿಲ್ಲ

ಕತ್ತಲ ಕೋಣೆಯಲ್ಲಿ ಕಡ್ಡಿಯಿಂದ ತಡಕಾಡಿದ ಹಾಗಿರುತ್ತದೆ. ಮೊದಲು ರೆಂಚ್ ತೆಗೆದಿಟ್ಟು ಬರೀ ಪಿಕ್ಕನ್ನು ಕೊನೆಯವರೆಗೆ ಒಳಗೆ ಹಾಕಿ. ಪಿನ್ನುಗಳನ್ನು ಮೇಲಕ್ಕೆ ಒತ್ತಿ ಹಿಡಿದು ನಿಧಾನ ಹೊರಕ್ಕೆ ಎಳೆಯಿರಿ. ಒಂದೊಂದು ಪಿನ್ ಜಾರಿದಾಗಲೂ ಟಿಕ್ ಎನ್ನುತ್ತದೆ. ಎಣಿಕೆ ಸರಿಬರುವವರೆಗೆ ಇದನ್ನೇ ಮಾಡಿ. ಬೇಕಿದ್ದರೆ ಪಿಕ್ ಮೇಲೆ ಮಾರ್ಕರ್ ಪೆನ್ನಿನಿಂದ ಪ್ರತಿ ಪಿನ್ನಿನ ದೂರಕ್ಕೆ ಗುರುತು ಹಾಕಿಕೊಳ್ಳಿ.

ಇನ್ನೊಂದು ಉಪಾಯ, ನಿಮ್ಮ ಅಭ್ಯಾಸದ ಬೀಗದ ಕೈಯನ್ನು ಕಣ್ಣೆದುರು ಇಟ್ಟುಕೊಳ್ಳಿ. ಅದರ ಹಲ್ಲು ಎತ್ತರವಿದ್ದ ಕಡೆ ಪಿನ್ ಗಿಡ್ಡ, ಅದನ್ನು ಹೆಚ್ಚು ಎತ್ತಬೇಕು. ತಗ್ಗು ಇದ್ದ ಕಡೆ ಪಿನ್ ಉದ್ದ, ಕೊಂಚ ಎತ್ತಿದರೆ ಸಾಕು. ಮುಂದೆ ಉದ್ದ ಪಿನ್, ಅದರ ಹಿಂದೆ ಗಿಡ್ಡ ಪಿನ್ ಇದ್ದರೆ ಅತಿ ಕಷ್ಟ. ಹಿಂದಿನದನ್ನು ಎತ್ತುವಾಗ ಪಿಕ್ಕಿನ ಬೆನ್ನು ಮುಂದಿನದನ್ನು ಗಡಿ ದಾಟಿಸಿಬಿಡುತ್ತದೆ. ಇಂಥಲ್ಲಿ ತುದಿ ಹೆಚ್ಚು ಬಾಗಿದ ಹುಕ್ ಬೇಕು. ಸಮವಾದ ಹಲ್ಲುಗಳಿರುವ ಬೀಗವನ್ನು ಮೊದಲು ಆರಿಸಿಕೊಳ್ಳುವುದು ಜಾಣತನ.

ತೊಂದರೆ 5: ಪಿಕ್ ಆಡಿಸಲು ಜಾಗವೇ ಇಲ್ಲ

ಕಿಟ್‌ನ ಜೊತೆ ಬರುವ ರೆಂಚುಗಳು ಬಹುತೇಕ ರಂಧ್ರದ ಕೆಳತುದಿಗೆ ಹಾಕುವಂಥವು. ಅವು ಅರ್ಧ ಜಾಗ ತಿಂದುಬಿಡುತ್ತವೆ. ರಂಧ್ರದ ಮೇಲ್ತುದಿಯಲ್ಲಿ, ಮೊದಲ ಪಿನ್ನಿನ ಮುಂದಿನ ಸಣ್ಣ ಜಾಗದಲ್ಲಿ ಕೂರುವ ಚಪ್ಪಟೆ ರೆಂಚ್ ಬಳಸಿದರೆ ಕೆಳಗೆಲ್ಲ ಖಾಲಿಯಾಗುತ್ತದೆ. ಅದು ಮೊದಲ ಪಿನ್ನಿಗೆ ತಾಗದಂತೆ ನೋಡಿಕೊಳ್ಳಿ. ಪಿಕ್ಕಿನ ದಪ್ಪವೂ ಮುಖ್ಯ. ಅಮೆರಿಕದ ಬೀಗಗಳಿಗೆ ಸಾಮಾನ್ಯವಾಗಿ 0.025 ಇಂಚಿನದು ನಡೆಯುತ್ತದೆ, ಸಂದು ಕಿರಿದಾಗಿರುವ ಯೂರೋಪಿನ ಬೀಗಗಳಿಗೆ 0.018 ಅಥವಾ 0.015 ಇಂಚಿನದು ಬೇಕು.

ಯೂರೋಪಿನಲ್ಲಿರುವ ಓದುಗರಿಗೆ ಇನ್ನೊಂದು ಸೂಚನೆ. ನಿಮ್ಮ ಕಡೆಯ ಬಾಗಿಲುಗಳಲ್ಲಿ ಸಿಲಿಂಡರನ್ನು ಸಾಮಾನ್ಯವಾಗಿ ಪಿನ್ನುಗಳು ಕೆಳಗೆ ಬರುವಂತೆ ಕೂರಿಸಿರುತ್ತಾರೆ. ಇಲ್ಲಿ ಬರೆದಿರುವ "ಮೇಲೆ, ಕೆಳಗೆ" ನಿಮಗೆ ತಿರುವುಮುರುವು.

ತೊಂದರೆ 6: ಪ್ಲಗ್ ತಿರುಗಿತು, ಬೀಗ ಮಾತ್ರ ತೆರೆಯಲಿಲ್ಲ

ಇದು ಹೃದಯ ಒಡೆಯುವ ಘಟ್ಟ! ಪ್ಲಗ್ ಕೆಲವು ಡಿಗ್ರಿ ಧಾರಾಳವಾಗಿ ತಿರುಗುತ್ತದೆ, "ಆಯ್ತು" ಎಂದು ಕೂಗುವಷ್ಟರಲ್ಲಿ ಅಲ್ಲೇ ನಿಲ್ಲುತ್ತದೆ. ಇದನ್ನು ಫಾಲ್ಸ್ ಸೆಟ್ ಎನ್ನುತ್ತಾರೆ. ಬೀಗ ತಯಾರಕರು ನಮ್ಮಂಥವರಿಗೆಂದೇ ಇಟ್ಟ ಬಲೆ ಅದು. ಮೇಲಿನ ಪಿನ್ ಸಿಲಿಂಡರಿನಂತೆ ನೇರವಾಗಿರದೆ ಡಮರುವಿನ ಹಾಗೆ ನಡು ಸಣ್ಣಗಿರುತ್ತದೆ. ಹೆಸರು ಸ್ಪೂಲ್ ಪಿನ್. ಅದರ ಸಣ್ಣ ನಡು ಗಡಿಗೆ ಬಂದಾಗ ಪ್ಲಗ್ ತುಸು ತಿರುಗಿ, ಡಮರುವಿನ ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ನಿರಾಶರಾಗಬೇಡಿ, ಇದು ಒಳ್ಳೆಯ ಸುದ್ದಿ. ಉಳಿದವು ಬಹುಪಾಲು ಕೂತಿವೆ, ಉಳಿದಿರುವುದು ಸ್ಪೂಲ್‌ಗಳು ಮಾತ್ರ ಎಂದು ಬೀಗವೇ ಒಪ್ಪಿಕೊಂಡ ಹಾಗೆ. ಈಗ ಪ್ರತಿ ಪಿನ್ನನ್ನೂ ಮೆತ್ತಗೆ ಮೇಲಕ್ಕೆ ಒತ್ತಿ. ಯಾವುದನ್ನು ಒತ್ತಿದಾಗ ರೆಂಚ್ ನಿಮ್ಮ ಬೆರಳನ್ನು ಹಿಂದಕ್ಕೆ ತಳ್ಳುತ್ತದೋ ಅದೇ ಸ್ಪೂಲ್. ರೆಂಚಿನ ಒತ್ತಡವನ್ನು ಒಂದಿಷ್ಟು ಬಿಟ್ಟುಕೊಟ್ಟು, ಪ್ಲಗ್ ಹಿಂದಕ್ಕೆ ತಿರುಗಲು ಅವಕಾಶ ಮಾಡಿ, ಪಿನ್ನನ್ನು ಎತ್ತುತ್ತಾ ಹೋಗಿ. ಡಮರುವಿನ ಅಂಚು ಗಡಿ ದಾಟಿದಾಗ ಕ್ಲಿಕ್ ಎನ್ನುತ್ತದೆ. ಈ ಹಿಂದೆ ಮುಂದೆ ಆಟದಲ್ಲಿ ಕೂತಿದ್ದ ಒಂದೆರಡು ಪಿನ್ ಉದುರಬಹುದು, ಮತ್ತೆ ಕೂರಿಸಿ. ಮುನ್ನಡೆಯಲು ಹಿಂದೆ ಸರಿಯಬೇಕು ಎಂದು ಒಪ್ಪಿಕೊಳ್ಳುವುದೇ ಇಲ್ಲಿ ಕಷ್ಟ.

ಸೆರೇಟೆಡ್ ಎಂಬ ಇನ್ನೊಂದು ಬಗೆಯ ಪಿನ್ನಿನ ಮೈತುಂಬ ಸ್ಕ್ರೂವಿನ ಹಾಗೆ ಗೀರುಗಳಿರುತ್ತವೆ. ಅದು ಕೂರದೆಯೇ ಎರಡು ಮೂರು ಸಲ ಸುಳ್ಳು ಕ್ಲಿಕ್ ಕೊಡುತ್ತದೆ. ಕ್ಲಿಕ್ ಕೇಳಿದ ಮೇಲೂ ಪಿನ್ ಗಟ್ಟಿಯಾಗಿಯೇ ಇದ್ದರೆ ಇನ್ನೂ ಒಂದು ಮೆಟ್ಟಿಲು ಎತ್ತಿ.

ತೊಂದರೆ 7: ಅರ್ಧ ಸುತ್ತು ತಿರುಗಿ ಅಲ್ಲೇ ಸಿಕ್ಕಿಹಾಕಿಕೊಂಡಿದೆ

ಅಭ್ಯಾಸಕ್ಕೆಂದು ಕೊಂಡ ಬಾಗಿಲ ಬೀಗ ತೆರೆಯಿತು, ಪ್ಲಗ್ ತಲೆಕೆಳಗಾಗುವವರೆಗೆ ತಿರುಗಿತು, ಈಗ ಆಚೆಗೂ ಇಲ್ಲ, ಈಚೆಗೂ ಇಲ್ಲ. ಗಾಬರಿ ಬೇಡ. 180 ಡಿಗ್ರಿ ತಿರುಗಿದಾಗ ರಂಧ್ರದ ತೆರೆದ ಕೆಳತುದಿ ಮೇಲಕ್ಕೆ ಬಂದು, ಕವಚದಲ್ಲಿದ್ದ ಮೇಲಿನ ಪಿನ್ನುಗಳು ಸ್ಪ್ರಿಂಗಿನ ಒತ್ತಡಕ್ಕೆ ಅದರೊಳಗೆ ಇಳಿದುಬಿಟ್ಟಿರುತ್ತವೆ. ಬೀಗದ ಕೈ ಇದ್ದಾಗ ಅದರ ದೇಹವೇ ಅವನ್ನು ತಡೆಯುತ್ತಿತ್ತು. ಪಿಕ್ಕಿನ ಚಪ್ಪಟೆ ಹಿಡಿಯನ್ನೋ ತೆಳುವಾದ ಲೋಹದ ಪಟ್ಟಿಯನ್ನೋ ಆ ಸಂದಿನಲ್ಲಿ ತೂರಿಸಿ, ಪಿನ್ನುಗಳನ್ನು ಮೇಲಕ್ಕೆ ತಳ್ಳಿ ಹಿಡಿದು ಪ್ಲಗ್ ತಿರುಗಿಸಿದರೆ ಬಿಡುಗಡೆ.

ತೊಂದರೆ 8: ಬೀಗವೇ ಜಿಗುಟು, ಇಲ್ಲವೇ ದಿಕ್ಕೇ ತಪ್ಪು

ಹಳೆಯ ಬೀಗದೊಳಗೆ ಧೂಳು, ಜಿಡ್ಡು ಸೇರಿ ಪಿನ್ನುಗಳು ಸೋಮಾರಿಯಾಗಿರುತ್ತವೆ. ಬೀಗದ ಕೈ ಹಾಕಿದರೂ ಬಿಗಿ ಎನಿಸಿದರೆ ದೋಷ ನಿಮ್ಮ ಕೈಯದಲ್ಲ. ಗ್ರಾಫೈಟ್ ಪುಡಿ ಅಥವಾ ಟೆಫ್ಲಾನ್ ಇರುವ ಒಣ ಲೂಬ್ರಿಕೆಂಟ್ ಸ್ವಲ್ಪ ಹಾಕಿ. ಅಡುಗೆ ಎಣ್ಣೆ, ತೆಂಗಿನೆಣ್ಣೆ ಖಂಡಿತ ಬೇಡ. ಗ್ರಾಫೈಟ್ ಮತ್ತು ಎಣ್ಣೆ ಎರಡನ್ನೂ ಹಾಕಿದರೆ ಒಳಗೆ ಕಾಡಿಗೆಯಂಥ ಮುದ್ದೆಯಾಗುತ್ತದೆ.

ಪ್ಲಗ್ ಯಾವ ಕಡೆ ತಿರುಗಬೇಕು ಎಂಬುದನ್ನು ಪಿಕ್ ಹಿಡಿಯುವ ಮೊದಲೇ ಬೀಗದ ಕೈಯಿಂದ ತಿರುಗಿಸಿ ನೋಡಿಕೊಳ್ಳಿ. ಚಿಕ್ಕ ಮಾತು, ಆದರೆ ಒಂದು ಸಂಜೆ ಉಳಿಯುತ್ತದೆ.

ತೊಂದರೆ 9: ಒಂದು ಬೀಗ ತೆರೆಯುತ್ತದೆ, ಬೇರೆ ಯಾವುದೂ ಇಲ್ಲ

ಕಿಟ್ ಜೊತೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಬೀಗ ಒಳಗಿನ ಕೆಲಸ ಅರ್ಥ ಮಾಡಿಕೊಳ್ಳಲು ಚೆನ್ನ. ಆದರೆ ಅದರ ರಂಧ್ರಗಳು ಸಡಿಲ, ಜೊತೆಗೆ ಕಣ್ಣು ನೋಡುತ್ತಿರುವವರೆಗೆ ಬೆರಳು ಕಲಿಯುವುದಿಲ್ಲ. ನಾಲ್ಕು ದಿನ ಆಡಿ ಪಕ್ಕಕ್ಕಿಡಿ. ಲೋಹದ ಬೀಗಗಳಲ್ಲೂ ಒಂದನ್ನೇ ನೂರು ಸಲ ತೆರೆದರೆ ಕೈ ಆ ಬೀಗವನ್ನು ಬಾಯಿಪಾಠ ಮಾಡಿಕೊಳ್ಳುತ್ತದೆ, ವಿದ್ಯೆ ಬೆಳೆಯುವುದಿಲ್ಲ.

ಒಂದು ಕ್ರಮ ಹೀಗಿರಬಹುದು. ಮೊದಲು ನಾಲ್ಕು ಪಿನ್ನಿನ ಮಾಸ್ಟರ್ ಲಾಕ್ ನಂ. 3. ಅದು ಒಲಿದ ಮೇಲೆ ಸ್ಪೂಲ್ ಪಿನ್ನುಗಳಿರುವ ಅದೇ ಕಂಪನಿಯ 140. ಕೈ ಪಳಗಿದ ಮೇಲೆ ಸೆರೇಟೆಡ್ ಪಿನ್ನುಗಳಿಗೆ ಹೆಸರಾದ ಅಮೆರಿಕನ್ ಲಾಕ್ 1100. ಇದಕ್ಕಿಂತ ಒಳ್ಳೆಯ ದಾರಿ, ಪಿನ್ ಬದಲಾಯಿಸಲು ಬರುವ ಒಂದು ಸಿಲಿಂಡರ್ ಕೊಂಡು ಮೊದಲು ಒಂದೇ ಪಿನ್ ಇಟ್ಟು ತೆರೆಯುವುದು, ಆಮೇಲೆ ಎರಡು, ಮೂರು ಎಂದು ಹೆಚ್ಚಿಸುವುದು. ಐದಕ್ಕೆ ಬರುವ ಹೊತ್ತಿಗೆ ಪ್ರತಿ ಪಿನ್ನಿನ ಭಾಷೆಯೂ ಗೊತ್ತಿರುತ್ತದೆ.

ಎಲ್ಲಿ ಸಿಕ್ಕಿಕೊಂಡರೂ ಒಂದು ಪದ್ಧತಿ ಪಾಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಒತ್ತಡ, ರೆಂಚ್, ಪಿಕ್ ಮೂರನ್ನೂ ಒಟ್ಟಿಗೆ ಬದಲಾಯಿಸಿ ಬೀಗ ತೆರೆದರೆ ಯಾವುದರಿಂದ ತೆರೆಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಪುಟ್ಟ ಪುಸ್ತಕದಲ್ಲಿ ಯಾವ ಪಿನ್ ಮೊದಲು ಬಿಗಿಯಿತು, ಯಾವುದು ಆಮೇಲೆ ಎಂದು ಬರೆದಿಡಿ. ಹದಿನೈದು ನಿಮಿಷವಾದರೂ ದಾರಿ ಕಾಣದಿದ್ದರೆ ಕೆಳಗಿಡಿ. ದಣಿದ ಬೆರಳು ಒತ್ತಡವನ್ನು ತಾನಾಗಿಯೇ ಹೆಚ್ಚಿಸುತ್ತದೆ, ಅಲ್ಲಿಗೆ ಮತ್ತೆ ತೊಂದರೆ ಸಂಖ್ಯೆ ಒಂದು! ತಾಳಿದವನು ಬಾಳಿಯಾನು. 1851ರ ಲಂಡನ್ ಮಹಾಪ್ರದರ್ಶನದ ವರ್ಷದಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್, 200 ಗಿನಿ ಬಹುಮಾನದ ಸವಾಲಿನೊಡನೆ ದಶಕಗಳಿಂದ ಅಜೇಯವಾಗಿದ್ದ ಬ್ರಾಮಾ ಬೀಗವನ್ನು ತೆರೆದರು. ಅವರಿಗೆ ಹಿಡಿದದ್ದು 16 ದಿನಗಳಲ್ಲಿ ಹಂಚಿದ 51 ಗಂಟೆ. ನಮ್ಮ ಒಂದು ಸಂಜೆ ಯಾವ ಲೆಕ್ಕ?

ಊರಿನ ಬೀಗಕ್ಕೆ ಇದು ನಡೆಯುತ್ತದೆಯೇ?

"ಅಜ್ಜಿಯ ಟ್ರಂಕಿನ ಬೀಗದ ಕೈ ಕಳೆದಿದೆ, ಈ ಕಿಟ್ ತಂದರೆ ಆಗುತ್ತದಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಹುಶಃ ಇಲ್ಲ. ನಮ್ಮ ಕಡೆ ಬಳಕೆಯಲ್ಲಿರುವ ಬೀಗಗಳಲ್ಲಿ ಅನೇಕವು ಪಿನ್ನಿನವಲ್ಲ, ಲಿವರ್‌ನವು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೊಂಬಾಯಿಯಲ್ಲಿ ಬೀಗ ತಯಾರಿಕೆಯಿಂದಲೇ ಆರಂಭಿಸಿದ ಕಂಪನಿಯ ನವ್‌ತಾಲ್ ಇದಕ್ಕೆ ಮನೆಮನೆಗೂ ಗೊತ್ತಿರುವ ಉದಾಹರಣೆ. ಅದರೊಳಗೆ ಒಂದರ ಮೇಲೊಂದು ಜೋಡಿಸಿದ ಲೋಹದ ಹಲಗೆಗಳಿರುತ್ತವೆ. ಪ್ರತಿಯೊಂದೂ ತನ್ನ ನಿಗದಿತ ಎತ್ತರಕ್ಕೆ ಬಂದಾಗ ಮಾತ್ರ ಅಗುಳಿ ಸರಿಯುತ್ತದೆ. ಹೆಚ್ಚಾದರೂ ಇಲ್ಲ, ಕಡಿಮೆಯಾದರೂ ಇಲ್ಲ. ಅದಕ್ಕೆ ಸಲಕರಣೆಯೇ ಬೇರೆ. ಟ್ರಂಕಿಗೆ ಊರಿನ ಬೀಗ ರಿಪೇರಿಯವರೇ ಸರಿ.

ಕಾನೂನು, ವೀಸಾ ಮತ್ತು ಮಕ್ಕಳು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ನಾನು ವಕೀಲನಲ್ಲ, ಆದರೆ ಪ್ರತಿಯೊಬ್ಬ ಹವ್ಯಾಸಿಯೂ ಇಷ್ಟು ತಿಳಿದಿರಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪಿಕ್ ಇಟ್ಟುಕೊಳ್ಳುವುದು ತಾನಾಗಿಯೇ ಅಪರಾಧವಲ್ಲ, ದುರುದ್ದೇಶ ಇದ್ದರೆ ಅಪರಾಧ. ಆದರೆ ವರ್ಜೀನಿಯಾದಂಥ ಕಡೆ ಕಳ್ಳತನಕ್ಕೆ ಬಳಸಬಹುದಾದ ಸಲಕರಣೆ ಹತ್ತಿರವಿದ್ದರೆ ಅದನ್ನೇ ದುರುದ್ದೇಶದ ಮೇಲ್ನೋಟದ ಸಾಕ್ಷ್ಯವೆಂದು ಪರಿಗಣಿಸಬಹುದು. ಅಂದರೆ ಹಾಗಲ್ಲವೆಂದು ತೋರಿಸುವ ಭಾರ ನಿಮ್ಮ ಹೆಗಲಿಗೆ ಬೀಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1968ರ ಕಳ್ಳತನ ಕಾಯ್ದೆಯ ಪ್ರಕಾರ ಕಳ್ಳತನದ ಉದ್ದೇಶಕ್ಕೆಂದು ಇಂಥ ವಸ್ತುವನ್ನು ಮನೆಯಿಂದ ಹೊರಗೆ ಒಯ್ಯುವುದು ಅಪರಾಧ. ಜಪಾನಿನಲ್ಲಿ 2003ರ ಕಾನೂನು, ಸರಿಯಾದ ಕಾರಣವಿಲ್ಲದೆ ಇವನ್ನು ಹತ್ತಿರ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ನೀವಿರುವ ಜಾಗದ ಕಾನೂನನ್ನು ಕಿಟ್ ತರಿಸುವ ಮೊದಲೇ ಓದಿಕೊಳ್ಳಿ.

ನಮ್ಮಂಥ ವಲಸಿಗರಿಗೆ ಇನ್ನೊಂದು ಲೆಕ್ಕವಿದೆ. ಅಮೆರಿಕದ ವೀಸಾದ ಡಿಎಸ್-160 ಅರ್ಜಿಯಲ್ಲಿ, ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನಕ್ಕೊಳಗಾಗಿದ್ದೀರಾ ಎಂದೂ ಕೇಳುತ್ತಾರೆ. ಆಮೇಲೆ ಕೇಸು ಬಿದ್ದುಹೋದರೂ ಆ ಪ್ರಶ್ನೆಗೆ ಉತ್ತರ "ಹೌದು" ಎಂದೇ ಆಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ಗೆಳೆಯನಿಗೆ ಅರ್ಧ ದಿನದ ಕಿರಿಕಿರಿಯಾಗಿ ಮುಗಿಯುವ ಪ್ರಸಂಗ, ವೀಸಾದ ಮೇಲಿರುವವರಿಗೆ ವರ್ಷಗಟ್ಟಲೆ ಕಾಡಬಹುದು. ಆದ್ದರಿಂದ ಕಿಟ್ ಮನೆಯಲ್ಲೇ ಇರಲಿ. ಕಾರಿನ ಡಿಕ್ಕಿಯಲ್ಲಿ, ಆಫೀಸಿನ ಬ್ಯಾಗಿನಲ್ಲಿ, ಊರಿಗೆ ಹೋಗುವ ಸೂಟ್‌ಕೇಸಿನಲ್ಲಿ ಬೇಡ. ನೆರೆಯವರ ಬಾಗಿಲು ತೆಗೆದುಕೊಡುವ ಉಪಕಾರವೂ ಬೇಡ, ಅದಕ್ಕೆ ಬೀಗದ ಕೆಲಸದವರಿದ್ದಾರೆ.

ಮಕ್ಕಳಿಗೆ ಕಲಿಸಬಹುದೇ? ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ, ಪರದೆಯಿಂದ ಕಣ್ಣು ಕೀಳುವ ಆಟಗಳಲ್ಲಿ ಇದೂ ಒಂದು. ದೊಡ್ಡವರು ಜೊತೆಗೆ ಕೂತೇ ಕಲಿಸಿ. ಆಟ ಮುಗಿದ ಮೇಲೆ ಕಿಟ್ ದೊಡ್ಡವರ ಕಪಾಟಿಗೆ ಹೋಗಲಿ. ಶಾಲೆಗೆ ಒಯ್ಯುವಂತಿಲ್ಲ, ಸಹಪಾಠಿಯ ಲಾಕರ್ ಮುಟ್ಟುವಂತಿಲ್ಲ, ತಮಾಷೆಗೂ ಸರಿಯಲ್ಲ ಎಂಬುದನ್ನು ಮೊದಲ ಪಾಠದ ದಿನವೇ ಹೇಳಿ. ಮುಚ್ಚಿದ ಬಾಗಿಲನ್ನು ತೆರೆಯಬಲ್ಲೆ ಎನ್ನುವುದು ಬೇರೆ, ತೆರೆಯುವ ಹಕ್ಕಿದೆ ಎನ್ನುವುದು ಬೇರೆ. ಈ ವ್ಯತ್ಯಾಸ ಅರ್ಥವಾದ ಮಗುವಿನ ಕೈಗೆ ನಾಳೆ ಕಂಪ್ಯೂಟರಿನ ಪಾಸ್‌ವರ್ಡ್‌ಗಳನ್ನೂ ನಂಬಿ ಕೊಡಬಹುದು.

ಕೊನೆಯದಾಗಿ, ಈ ಹವ್ಯಾಸ ಕಲಿತ ಮೇಲೆ ಮನೆಯ ಬಾಗಿಲನ್ನು ನೋಡುವ ಕಣ್ಣೇ ಬದಲಾಗುತ್ತದೆ. ಹೆದರಬೇಕಾಗಿಲ್ಲ. ಮನೆಗೆ ನುಗ್ಗುವವರು ಸಾಮಾನ್ಯವಾಗಿ ಪಿಕ್ ಹಿಡಿದು ಕೂರುವುದಿಲ್ಲ. ಬೀಗ ಹಾಕದ ಬಾಗಿಲು, ತೆರೆದ ಕಿಟಕಿ, ಒದ್ದರೆ ಕಿತ್ತುಬರುವ ಚೌಕಟ್ಟು ಹುಡುಕುತ್ತಾರೆ. ಈ ವಾರಾಂತ್ಯ ನಿಮ್ಮದೇ ಮನೆಯಾಗಿದ್ದರೆ ಡೆಡ್‌ಬೋಲ್ಟ್ ಪೂರ್ತಿ ಹೊರಬರುತ್ತದೆಯೇ ನೋಡಿ. ಚೌಕಟ್ಟಿನ ತಗಡಿಗೆ ಹಾಕಿರುವ ಗಿಡ್ಡ ಸ್ಕ್ರೂಗಳನ್ನು ತೆಗೆದು ಮೂರು ಇಂಚಿನವನ್ನು ಹಾಕಿ. ಕೆಲವೇ ಡಾಲರಿನ ಕೆಲಸ, ದೊಡ್ಡ ನೆಮ್ಮದಿ. ಬಾಡಿಗೆಯವರು ಮಾಲೀಕರಿಗೆ ಹೇಳಿ ಮಾಡಿಸಿಕೊಳ್ಳಿ.

ಸರಿ, ಡ್ರಾಯರಿನಲ್ಲಿ ಮಲಗಿರುವ ಕಿಟ್ಟನ್ನು ಹೊರಗೆ ತೆಗೆಯಿರಿ. ಒತ್ತಡ ಕಡಿಮೆ ಮಾಡಿ, ಒಂದು ಪಿನ್ ಮುಟ್ಟಿ, ಅದು ಏನು ಹೇಳುತ್ತಿದೆ ಕೇಳಿ. ನಿಮ್ಮ ಬೀಗ ಎಲ್ಲಿ ಹಟ ಹಿಡಿದಿದೆ ಎಂದು ಮುಂದಿನ ಕೂಟದಲ್ಲಿ ಸಿಕ್ಕಾಗ ಹೇಳಿ, ಕಾಫಿ ಕುಡಿಯುತ್ತಾ ಬಿಡಿಸಲು ನೋಡೋಣ.